ಹತ್ತು ಗಜದ ಸರಪಳಿ

“ಮ್ಯಾಮ್, ನಿಮ್ಮ ಕೈಯಲ್ಲಿರುವುದು ಬಾವುಟ ಅಲ್ಲ. ದಯವಿಟ್ಟು ಕೆಳಗಿಳಿಸಿ.”

ಇಂಗ್ಲಿಷಿನಲ್ಲಿ, ಮೆಲ್ಲಗೆ, ಆದರೆ ಮೈಯೆಲ್ಲಾ ಉರಿಯುವ ಹಾಗೆ ಹೇಳಿದ ಆ ರೆಫರಿ.

ಅಮೂಲ್ಯಾ ಕಣ್ಣು ಮೇಲೆತ್ತಿದಳು. ಆಳೆತ್ತರದ ಕಿತ್ತಳೆ ಬಣ್ಣದ ಕೋಲು ಇನ್ನೂ ಅವಳ ತಲೆಯ ಮೇಲೆ ಕುಣಿಯುತ್ತಿತ್ತು. ಪೆಕಾನ್ ಕ್ರೀಕ್ ಕಾಲೇಜಿನ ಹುಡುಗರು ಚೆಂಡನ್ನು ಕೊನೆಯ ಗೆರೆ ದಾಟಿಸಿ ಸೀಸನ್ನಿನ ಮೊದಲ ಟಚ್‌ಡೌನ್ ಹೊಡೆದಿದ್ದರು. ಖುಷಿ ತಡೆಯದೆ ಅವಳು ಕಿರುಚಿದ್ದಳು. ಕಿರುಚಿದ್ದೇನೋ ಸರಿ, ಆದರೆ ಕಿರುಚಿದ ಜಾಗ ಸರಿಯಿರಲಿಲ್ಲ. ಅವಳು ನಿಂತಿದ್ದದ್ದು ಎದುರಾಳಿಗಳ ಬೆಂಚಿನ ಮುಂದೆ! ಐವತ್ತು ಮಂದಿ ದಾಂಡಿಗರು ಅವಳನ್ನೇ ದುರುಗುಟ್ಟಿ ನೋಡುತ್ತಿದ್ದರು.

“ಸರಪಳಿ ಹಿಡಿಯುವವರು ಯಾವ ತಂಡಕ್ಕೂ ಸೇರಿದವರಲ್ಲ. ಇನ್ನೊಮ್ಮೆ ಕೂಗಿದರೆ ಹೊರಗೆ ಕಳಿಸಬೇಕಾಗುತ್ತದೆ,” ಎಂದು ಹೇಳಿ ಅವನು ತನ್ನ ಜಾಗಕ್ಕೆ ಹೊರಡಲು ತಿರುಗಿದ.

“ಮಾರಿ ನೋಡು, ಹಾಗಲಕಾಯಿ ತಿಂದವರಂಗ,” ಅಮೂಲ್ಯಾ ಕನ್ನಡದಲ್ಲಿ ಗೊಣಗಿಕೊಂಡಳು. ಟೆಕ್ಸಸ್ಸಿನ ಈ ಬಯಲಲ್ಲಿ ಯಾರಿಗೆ ತಿಳಿಯಬೇಕು ಎನ್ನುವ ಧೈರ್ಯ ಅವಳದು.

ಪಾಪ, ಅವಳದ್ದೂ ತಪ್ಪಿಲ್ಲ. ಆಸ್ಟಿನ್ನಿನ ಕ್ಲಿನಿಕ್ಕೊಂದರಲ್ಲಿ ವಾರವಿಡೀ ಜನರ ಕಿವಿ ಪರೀಕ್ಷೆ ಮಾಡುವ ಹುಡುಗಿ ಅವಳು. ಸೋಮವಾರದಿಂದ ಶುಕ್ರವಾರದವರೆಗೆ ಪಿಸುಮಾತು. ಶನಿವಾರ ಬಂತೆಂದರೆ ಸ್ಟ್ಯಾಂಡಿನಲ್ಲಿ ಕೂತು ಗಂಟಲು ಬಿಚ್ಚಿ ಕೂಗುವುದೇ ಅವಳ ಹಬ್ಬ. ಈ ವರ್ಷ ಮಾತ್ರ ಅಪ್ಪನ ಮಂಡಿ ಕೈಕೊಟ್ಟಿತ್ತು.

ಅಪ್ಪ ಅಪ್ಪಾಸಾಹೇಬರು ಒಂದು ಕಾಲಕ್ಕೆ ಬಾಗಲಕೋಟೆಯ ಹೊಲಗಳನ್ನು ಸರಪಳಿ ಹಿಡಿದು ಅಳೆದವರು. ಈಗ ರೌಂಡ್ ರಾಕ್‌ನಲ್ಲಿ ಸ್ವಂತ ಸರ್ವೆ ಕಂಪನಿ. ಒಂಬತ್ತು ವರ್ಷದ ಹಿಂದೆ ಪೆಕಾನ್ ಕ್ರೀಕ್ ಕಾಲೇಜಿನ ಜಾಗ ಅಳೆಯಲು ಹೋದವರ ಕಣ್ಣಿಗೆ ಅಲ್ಲಿನ ಫುಟ್‌ಬಾಲ್ ಬಿತ್ತು, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲ್. ಚೆಂಡನ್ನು ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಒಯ್ಯಬೇಕು. ಒಯ್ದರೆ ಆಟ ಮುಂದುವರಿಯುತ್ತದೆ, ಇಲ್ಲವಾದರೆ ಚೆಂಡು ಎದುರಾಳಿಗೆ. ಆ ಹತ್ತು ಗಜ ಅಳೆಯಲು ಎರಡು ಕೋಲು, ನಡುವೆ ಒಂದು ಸರಪಳಿ! ಅಪ್ಪಾಸಾಹೇಬರಿಗೆ ತವರಿನವರನ್ನು ಕಂಡಂತಾಯಿತು. ಅಂದೇ ಹೆಸರು ಕೊಟ್ಟು ಬಂದರು. ಸಂಬಳವಿಲ್ಲದ ಕೆಲಸ, ಆದರೆ ಅದು ಅಲ್ಲಿನ ರೀತಿಗೆ ಸರಿಯಾಗಿಯೇ ಇತ್ತು. ಟಿವಿಯಲ್ಲಿ ಬರುವ ದೊಡ್ಡ ಕಾಲೇಜುಗಳ ಆಟ ಬೇರೆ. ಇದು ಕೆಳಗಿನ ಡಿವಿಷನ್. ಆಡುವ ಹುಡುಗರಿಗೆ ಆಟಕ್ಕಾಗಿ ಸ್ಕಾಲರ್‌ಶಿಪ್ ಇಲ್ಲ, ಸೋಮವಾರ ಬೆಳಗ್ಗೆ ಕೆಮಿಸ್ಟ್ರಿ ಟೆಸ್ಟ್ ತಪ್ಪುವುದಿಲ್ಲ.

ಆಗಸ್ಟ್‌ನಲ್ಲಿ ಮಂಡಿ ಆಪರೇಷನ್ ಆದಾಗ ಅಪ್ಪ ಮಗಳ ಕೈ ಹಿಡಿದು ಹೇಳಿದ್ದು ಇಷ್ಟೇ. “ನನ್ನ ಜಾಗಾ ಹೋಗಬಾರದವಾ. ಊರಾಗ ಐದ ಮ್ಯಾಚ್ ಅದಾವ. ಸರಪಳಿ ಸುಳ್ಳ ಹೇಳಂಗಿಲ್ಲ, ಹಿಡಿದವರು ಹೇಳ್ತಾರ. ನೀ ನೆಟ್ಟಗ ಹಿಡಿ, ಅಷ್ಟ ಸಾಕು.”

ಆ ದಿನ ಪೆಕಾನ್ ಕ್ರೀಕ್ ಗೆದ್ದಿತು. ಅಮೂಲ್ಯಾ ತುಟಿ ಕಚ್ಚಿಕೊಂಡೇ ಆಟ ಮುಗಿಸಿದಳು. ಕೋಲುಗಳನ್ನು ಕಟ್ಟಿಡುತ್ತಿದ್ದಾಗ ಆ ರೆಫರಿ ಪಕ್ಕದಲ್ಲಿ ಹಾದುಹೋದವನು ಒಂದು ಕ್ಷಣ ನಿಂತ.

“ಹಾಗಲಕಾಯಿನ ಗೊಜ್ಜು ಮಾಡಿದ್ರೆ ಚೆನ್ನಾಗಿರುತ್ತೆ ರೀ. ನಮ್ಮ ಮೈಸೂರಲ್ಲಿ ಸ್ವಲ್ಪ ಬೆಲ್ಲ ಹಾಕ್ತೀವಿ.”

ಅಮೂಲ್ಯಾಳ ಕೈಯಿಂದ ಕೋಲು ಜಾರಿತು. ಅಯ್ಯೋ ಶಿವನೇ... ಪಟ್ಟೆ ಅಂಗಿಯ ಮೇಲೆ ಹೆಸರನ್ನಾದರೂ ಬರೆದಿರಬಾರದೇ!

ಹೆಸರು ಪ್ರಹ್ಲಾದ್. ಹನ್ನೆರಡನೆಯ ವಯಸ್ಸಿಗೆ ಮೈಸೂರಿನಿಂದ ಅಪ್ಪ ಅಮ್ಮನ ಜೊತೆ ಡಾಲಸ್‌ಗೆ ಬಂದವನು. ವಾರದ ದಿನಗಳಲ್ಲಿ ಹೈಸ್ಕೂಲಿನ ಗಣಿತದ ಮೇಷ್ಟ್ರು, ಶನಿವಾರ ರೆಫರಿ. ಮೈದಾನದ ಅಂಚಿನಲ್ಲಿ ನಿಂತು ಸರಪಳಿ ಹಿಡಿಯುವವರನ್ನು ನೋಡಿಕೊಳ್ಳುವುದು ಅವನ ಪಾಲಿನ ಕೆಲಸ. ಆ ವರ್ಷ ಪೆಕಾನ್ ಕ್ರೀಕ್‌ನ ಪಂದ್ಯಗಳು ಅವನ ಪಾಳಿಗೇ ಬಿದ್ದಿದ್ದವು.

ಎರಡನೆಯ ಪಂದ್ಯಕ್ಕೆ ಅಮೂಲ್ಯಾಳ ತಾಯಿ ಶಿವಬಸವ್ವ ಒಂದು ಡಬ್ಬಿ ಕಳಿಸಿದ್ದಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ. ಡಾಲಸ್‌ನಿಂದ ಮೂರು ತಾಸು ಡ್ರೈವ್ ಮಾಡಿಕೊಂಡು ಬರುವ ಕನ್ನಡದ ಹುಡುಗ ಹಸಿದು ಹೋಗಬಾರದು ಎಂಬ ಕಕ್ಕುಲಾತಿ. ಅಮೂಲ್ಯಾ ಸಂಕೋಚದಿಂದಲೇ ಡಬ್ಬಿ ಮುಂದೆ ಹಿಡಿದಳು. ಪ್ರಹ್ಲಾದ್ ಎರಡು ಹೆಜ್ಜೆ ಹಿಂದೆ ಸರಿದ.

“ಹೋಂ ಟೀಮಿನವರಿಂದ ನಾವು ಒಂದು ತುಂಡು ರೊಟ್ಟಿನೂ ತಗೊಳ್ಳೋ ಹಾಗಿಲ್ಲ ರೀ.”

ಅವಳ ಮುಖ ಸಣ್ಣದಾಯಿತು. ಅದನ್ನು ಕಂಡು ಅವನು ಆಚೀಚೆ ನೋಡಿ ದನಿ ತಗ್ಗಿಸಿದ.

“ಮುಚ್ಚಳ ತೆಗೀರಿ. ನೋಡಬಾರದು ಅಂತ ರೂಲ್ ಇಲ್ಲ.”

ಅವನು ಎಣ್ಣೆಗಾಯಿಯನ್ನು ನೋಡಿದ ಬಗೆಯನ್ನು ಕಂಡು ಅಮೂಲ್ಯಾಗೆ ನಗು ತಡೆಯಲಾಗಲಿಲ್ಲ. ನಕ್ಕಿದ್ದೇ ತಡ, ಎದೆಯೊಳಗೆ ಏನೋ ಸಣ್ಣಗೆ ಸರಿದ ಹಾಗಾಯಿತು. ಇದೇನಿದು ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಿದ್ದರೂ ಗೊತ್ತಿಲ್ಲದವಳ ಹಾಗಿದ್ದಳು.

ಅಂದು ಅವನು ಅವಳಿಗೆ ಕ್ಲಿಪ್ ಹಾಕುವುದನ್ನು ಸರಿಯಾಗಿ ಹೇಳಿಕೊಟ್ಟ. ಮೈದಾನದಲ್ಲಿ ಐದೈದು ಗಜಕ್ಕೊಂದು ಬಿಳಿ ಗೆರೆ. ಹಿಂದಿನ ಕೋಲಿನ ಹತ್ತಿರದ ಗೆರೆಯ ಮೇಲೆ ಸರಪಳಿಗೆ ಒಂದು ಸಣ್ಣ ಕ್ಲಿಪ್ ಸಿಕ್ಕಿಸಬೇಕು. ಆಮೇಲೆ ಅಳೆಯಲು ಸರಪಳಿಯನ್ನು ಮೈದಾನದ ನಡುವೆ ಎಲ್ಲಿಗೆ ಒಯ್ದರೂ ಕ್ಲಿಪ್ಪನ್ನು ಅದೇ ಗೆರೆಯ ಮೇಲಿಟ್ಟರೆ ಸಾಕು, ಅಳತೆ ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಅದನ್ನು ಹಾಕುವವಳು ಅಮೂಲ್ಯಾ. ಅದನ್ನು ನಂಬಿ ಹಿಡಿದು ನಡೆಯುವವನು ಪ್ರಹ್ಲಾದ್.

ಕ್ಲಿಪ್ಪಿನ ವಿಷಯಕ್ಕೆಂದು ಶುರುವಾದ ಫೋನು ಕ್ಲಿಪ್ಪಿನಲ್ಲೇ ನಿಲ್ಲಲಿಲ್ಲ. ಮೈಸೂರಿನ ಅಜ್ಜಿ, ಅವನ ಕ್ಲಾಸಿನ ತುಂಟರು, ಅವಳ ಕ್ಲಿನಿಕ್ಕಿಗೆ ಬಂದು “ನನಗೆ ಎಲ್ಲಾ ಕೇಳುತ್ತೆ, ಹೆಂಡತಿಯ ಮಾತೊಂದೇ ಕೇಳಲ್ಲ” ಎನ್ನುವ ಮುದುಕರು... ಸಂಜೆಯ ಟ್ರಾಫಿಕ್ಕಿನಲ್ಲಿ ಇಬ್ಬರಿಗೂ ಹೊತ್ತು ಹೋಗುತ್ತಿದ್ದುದೇ ತಿಳಿಯುತ್ತಿರಲಿಲ್ಲ.

ಮೂರನೆಯ ಪಂದ್ಯ ಅಕ್ಟೋಬರಿನಲ್ಲಿ, ಡಾಲಸ್ ಕಡೆಯ ತಂಡದ ಮೇಲೆ. ಪೆಕಾನ್ ಕ್ರೀಕ್ ನಾಲ್ಕು ಅಂಕ ಹಿಂದೆ, ಉಳಿದಿದ್ದು ಒಂದೇ ನಿಮಿಷ. ನಾಲ್ಕನೆಯ ಪ್ರಯತ್ನ ಮುಗಿದು ಹುಡುಗರ ರಾಶಿಯ ಅಡಿಯಿಂದ ಚೆಂಡು ಹೊರಬಂತು. ಹತ್ತು ಗಜ ಆಯಿತೋ ಇಲ್ಲವೋ... ಸರಪಳಿ ತನ್ನಿ ಎಂದು ಸನ್ನೆಯಾಯಿತು.

ಪ್ರಹ್ಲಾದ್ ಕ್ಲಿಪ್ ಹಿಡಿದು ನಡೆದ. ಹಿಂದಿನ ಕೋಲು ಹೊತ್ತು ಅವಳೂ ಓಡಿದಳು. ಕ್ಲಿಪ್ಪನ್ನು ಗೆರೆಯ ಮೇಲಿಟ್ಟು ಸರಪಳಿ ಎಳೆದರು. ಚೆಂಡಿಗೂ ಮುಂದಿನ ಕೋಲಿಗೂ ನಡುವೆ ನಾಲ್ಕು ಬೆರಳು ಕಡಿಮೆ!

ಸ್ಟ್ಯಾಂಡಿನಿಂದ ಒಂದು ದೊಡ್ಡ ನಿಟ್ಟುಸಿರು ಬಂತು. ಅವಳು ವಾರವಾರವೂ ಕಂಡು ಅಕ್ಕರೆ ಬೆಳೆಸಿಕೊಂಡಿದ್ದ ಹುಡುಗರು ಹುಲ್ಲಿನ ಮೇಲೆ ಕುಸಿದು ಕೂತರು.

ಪಾರ್ಕಿಂಗ್ ಲಾಟಿನಲ್ಲಿ ಅವನು ಎದುರಾದಾಗ ಅಮೂಲ್ಯಾಳ ಕಣ್ಣು ಕೆಂಪಾಗಿತ್ತು.

“ಕ್ಲಿಪ್ ಒಂದ ಗೇಣು ಮುಂದ ಹಾಕಿದ್ರ ಚೆಂಡು ನಮ್ಮ ಕೈಯಾಗ ಉಳೀತಿತ್ತು. ಯಾರಿಗೂ ತಿಳೀತಿರಲಿಲ್ಲ. ನನ್ನ ಕೈ ಬರಲಿಲ್ರಿ.”

“ಗೊತ್ತು. ಅದಕ್ಕೇ...”

ಮುಂದಿನ ಮಾತನ್ನು ಅವನು ನುಂಗಿಕೊಂಡ. ಅವಳನ್ನೊಮ್ಮೆ ತುಂಬಾ ಹೊತ್ತು ನೋಡಿ, ಕಾರು ಹತ್ತಿ ಹೊರಟುಬಿಟ್ಟ.

ಅದಕ್ಕೇ... ಏನು? ಎರಡು ದಿನ ಅವಳು ಆ ಅರ್ಧ ಮಾತನ್ನೇ ಹಿಡಿದು ಓಡಾಡಿದಳು. ಮೂರನೆಯ ದಿನ ಮೆಸೇಜ್ ಬಂತು.

“ಇನ್ನು ನಿಮ್ಮ ಮ್ಯಾಚ್‌ಗಳಿಗೆ ನಾನು ಬರೋದಿಲ್ಲ. ಸೀಸನ್ ಮುಗೀಲಿ, ಮಾತಾಡೋಣ.”

ಬೇರೆ ಯಾರಾದರೂ ಆಗಿದ್ದರೆ ಇದನ್ನು ಇದ್ದ ಹಾಗೆಯೇ ಓದುತ್ತಿದ್ದರು. ಆದರೆ ಅಮೂಲ್ಯಾ ನಮ್ಮ ಮನೆತನಗಳ ಹುಡುಗಿ. ಹೆಣ್ಣು ನೋಡಲು ಬಂದವರು ಒಲ್ಲೆ ಎನ್ನುವುದು ಹೇಗೆ? ಹಬ್ಬ ಮುಗಿಯಲಿ, ಮಾತಾಡೋಣ. ಮಗನ ಪ್ರಾಜೆಕ್ಟ್ ಮುಗಿಯಲಿ, ಮಾತಾಡೋಣ. ಎರಡು ಸಲ ಅವಳ ಅಪ್ಪ ಆ ಮಾತು ಕೇಳಿ ಫೋನಿನ ಪಕ್ಕ ಕಾದು ಕೂತಿದ್ದರು. ಫೋನು ಬರಲೇ ಇಲ್ಲ. ಈಗ ಸೀಸನ್ ಮುಗಿಯಬೇಕಂತೆ!

ಅವಳು ‘ಬ್ಯಾಡ್ರಿ’ ಎಂದಷ್ಟೇ ಬರೆದು ಕಳಿಸಿ ಫೋನನ್ನು ಸೋಫಾದ ಮೇಲೆ ಎಸೆದಳು. ಆಮೇಲೆ ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಇಷ್ಟಪಟ್ಟುಬಿಟ್ಟಿದ್ದೆನಲ್ಲ... ಒಂದು ರೊಟ್ಟಿಯನ್ನೂ ತೆಗೆದುಕೊಳ್ಳದವನಿಗೆ ಮನಸ್ಸು ಕೊಟ್ಟು ಕೂತೆನಲ್ಲ!

ನಾಲ್ಕನೆಯ ಪಂದ್ಯಕ್ಕೆ ಬೇರೊಬ್ಬ ರೆಫರಿ ಬಂದ. ಅವಳು ಕಲ್ಲಿನಂತೆ ನಿಂತು ಕೆಲಸ ಮುಗಿಸಿದಳು. ತಂಡ ಗೆದ್ದಾಗಲೂ ಕೂಗಬೇಕು ಎನಿಸಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅಪ್ಪಾಸಾಹೇಬರು ಮಗಳ ಮುಖ ನೋಡಿ ತಮ್ಮ ತಟ್ಟೆಯ ರೊಟ್ಟಿಯನ್ನು ಅವಳ ತಟ್ಟೆಗೆ ಹಾಕಿದರು.

ಊರಿನ ಕೊನೆಯ ಪಂದ್ಯ ನವೆಂಬರಿನಲ್ಲಿ. ಈ ಸಲ ಬಂದವರು ಡೇಲ್ ಎಂಬ ಅರವತ್ತರ ರೆಫರಿ, ಬಾಯಿಗೆ ಬೀಗವಿಲ್ಲದ ಮನುಷ್ಯ. ಆಟಕ್ಕೆ ಮುಂಚೆ ಸರಪಳಿ ಪರೀಕ್ಷಿಸಲು ಬಂದವರು ಅವಳ ಹೆಸರು ಕೇಳಿ ಹುಬ್ಬೇರಿಸಿದರು. ಓಹೋ, ಪ್ರಹ್ಲಾದ್‌ನ ಕಾಗದದ ಹುಡುಗಿ ನೀನೇನಾ ಎಂದರು.

ಯಾವ ಕಾಗದ ಎಂದು ಕೇಳಿದ್ದೇ ತಡ, ಡೇಲ್ ಎಲ್ಲವನ್ನೂ ಹೇಳಿಬಿಟ್ಟರು. ಪ್ರತಿ ಆಗಸ್ಟ್‌ನಲ್ಲಿ ರೆಫರಿಗಳೆಲ್ಲ ಒಂದು ಕಾಗದ ತುಂಬಬೇಕು. ಯಾವ ಕಾಲೇಜಿನಲ್ಲಿ ಓದಿದ್ದು, ಯಾವ ಕಾಲೇಜಿನಲ್ಲಿ ತಮ್ಮವರು ಇದ್ದಾರೆ ಎಂದು ಬರೆಯಬೇಕು. ಬರೆದ ಕಾಲೇಜಿನ ಪಂದ್ಯಗಳನ್ನು ಅವರಿಗೆ ಕೊಡುವುದಿಲ್ಲ. ಅಕ್ಟೋಬರಿನಲ್ಲಿ ಪ್ರಹ್ಲಾದ್ ತಾನಾಗಿಯೇ ಹೋಗಿ ತನ್ನ ಕಾಗದಕ್ಕೆ ಪೆಕಾನ್ ಕ್ರೀಕ್ ಎಂದು ಸೇರಿಸಿದ್ದ. ತಂಡ ಗೆಲ್ಲುತ್ತ ಹೋದರೆ ಅದರಿಂದ ಹ್ಯೂಸ್ಟನ್ನಿನಲ್ಲಿ ನಡೆಯುವ ಚಾಂಪಿಯನ್‌ಶಿಪ್ ನಿರ್ಣಯಿಸುವ ಪಂದ್ಯವೂ ಅವನ ಕೈತಪ್ಪಬಹುದಿತ್ತು. ನಾಲ್ಕು ವರ್ಷ ಅದಕ್ಕಾಗಿಯೇ ಕಾದಿದ್ದ ಹುಡುಗ.

“ಸಂಬಂಧ ಏನು ಅನ್ನೋ ಜಾಗದಲ್ಲಿ ಏನು ಬರೆದಿದ್ದ ಗೊತ್ತಾ?” ಡೇಲ್ ಹೊಟ್ಟೆ ಹಿಡಿದುಕೊಂಡು ನಕ್ಕರು. “ಸರಪಳಿ ಹಿಡಿಯುವ ಹುಡುಗಿಯನ್ನು ಪ್ರೀತಿಸುತ್ತೇನೆ. ಅವಳಿಗೆ ಇನ್ನೂ ಗೊತ್ತಿಲ್ಲ.”

ಅಮೂಲ್ಯಾಳ ಕಿವಿಯೆಲ್ಲ ಬಿಸಿಯಾಯಿತು. ತನಗೆ ಹೇಳುವುದಕ್ಕೆ ಮುಂಚೆ ಆಫೀಸಿಗೆ ಹೇಳಿದ ಈ ಮಹಾನುಭಾವನನ್ನು ಏನು ಮಾಡುವುದು! ಸಿಟ್ಟು ಬರಬೇಕಿತ್ತು. ಬಂದದ್ದು ಕಣ್ಣೀರು, ಅದರ ಹಿಂದೆಯೇ ನಗು. ಅಂದು ಪೆಕಾನ್ ಕ್ರೀಕ್ ಭರ್ಜರಿಯಾಗಿ ಗೆದ್ದು ಹ್ಯೂಸ್ಟನ್ನಿನ ಕೊನೆಯ ಪಂದ್ಯಕ್ಕೆ ಅರ್ಹವಾಯಿತು. ಕೋಲು ಕಟ್ಟಿಟ್ಟು ಬಂದವಳೇ ಅವಳು ಒಂದು ಮೆಸೇಜ್ ಕಳಿಸಿದಳು.

“ನೀವು ಕಾಗದದಾಗ ಬರೆದದ್ದು ತಪ್ಪೈತಿ. ತಿದ್ದಬೇಕು. ಶನಿವಾರ ಹ್ಯೂಸ್ಟನ್ನಿಗೆ ಬರ್ರಿ.”

ಪಾಪದ ಮೇಷ್ಟ್ರಿಗೆ ಆ ವಾರ ಗಣಿತವೇ ಮರೆತುಹೋಗಿರಬೇಕು.

ಶನಿವಾರ ಬೆಳಗ್ಗೆ ಶಿವಬಸವ್ವ ಪೇರ್ಲ್ಯಾಂಡಿನ ಮೀನಾಕ್ಷಿ ಗುಡಿಯಲ್ಲಿ ಹುಡುಗರ ಹೆಸರಿನಲ್ಲಿ ಅರ್ಚನೆ ಮಾಡಿಸಿದಳು. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಸ್ಟೇಡಿಯಮ್ಮಿನಲ್ಲಿದ್ದರು. ಇದು ಪರಸ್ಥಳ, ಸರಪಳಿ ಹಿಡಿಯುವವರು ಅಲ್ಲಿಯವರೇ. ಇಡೀ ಸೀಸನ್ನಿನಲ್ಲಿ ಮೊದಲ ಬಾರಿಗೆ ಅಮೂಲ್ಯಾ ಮನಸಾರೆ ಕೂಗಬಹುದಿತ್ತು. ಆದರೆ ಆಟ ಮುಗಿಯುತ್ತ ಬಂದರೂ ಅವಳ ಕಣ್ಣೆಲ್ಲ ಗೇಟಿನ ಕಡೆಗಿತ್ತು.

ಬಂದ. ಪಟ್ಟೆ ಅಂಗಿಯಿಲ್ಲ, ಟೋಪಿಯಿಲ್ಲ. ನೀಲಿ ಶರ್ಟು, ಗಾಳಿಗೆ ಕೆದರಿದ ಕೂದಲು. ಡಾಲಸ್‌ನಿಂದ ನಾಲ್ಕು ತಾಸು ಡ್ರೈವ್ ಮಾಡಿದ ಸುಸ್ತಿಗಿಂತ ಹೆದರಿಕೆಯೇ ಮುಖದಲ್ಲಿ ಹೆಚ್ಚಾಗಿತ್ತು. ಅಪ್ಪಾಸಾಹೇಬರು ಏನೂ ಗೊತ್ತಿಲ್ಲದವರ ಹಾಗೆ ಊರುಗೋಲನ್ನು ಎತ್ತಿಕೊಂಡು ಎರಡು ಸೀಟು ಆಚೆ ಸರಿದು ಕೂತರು.

“ಏನು ತಪ್ಪು ಬರೆದಿದ್ದೀನಿ ಹೇಳಿ. ನಿಮಗೆ ಇಷ್ಟ ಇಲ್ಲ ಅಂದ್ರೆ ಇವತ್ತೇ ಆ ಸಾಲು ಹೊಡೆದುಹಾಕ್ತೀನಿ.”

“ನನಗ ಯಾಕ ಮೊದಲ ಹೇಳಲಿಲ್ಲ?”

ಪ್ರಹ್ಲಾದ್ ತಲೆ ತಗ್ಗಿಸಿದ. “ನಿಮ್ಮ ಮೂರು ಮ್ಯಾಚ್‌ಗೆ ನಾನು ನಿಂತಿದ್ದೆ. ಸೀಸನ್ ನಡುವೆ ಹೇಳಿದ್ರೆ, ಇವರಿಬ್ಬರೂ ಸೇರ್ಕೊಂಡು ಅಳತೆ ಮಾಡಿದ್ರು ಅಂತ ಜನ ಅನ್ನೋರು. ನನ್ನನ್ನ ಏನು ಬೇಕಾದ್ರೂ ಅನ್ನಲಿ. ಆವತ್ತು ನಿಮ್ಮ ತಂಡ ಸೋತ್ರೂ ನೀವು ಸರಿಯಾಗಿ ಹಾಕಿದ್ದ ಆ ಕ್ಲಿಪ್ಪಿನ ಮೇಲೆ ಯಾರೂ ಅನುಮಾನಪಡಬಾರದು ಅನ್ನಿಸ್ತು. ಅಷ್ಟೇ ರೀ.”

ಅಮೂಲ್ಯಾ ಮುಖವನ್ನು ಮೈದಾನದ ಕಡೆಗೆ ತಿರುಗಿಸಿದಳು. ಅವನ ಅರ್ಧಕ್ಕೆ ನಿಂತ ಮಾತು ಇದಾಗಿತ್ತೇ... ಇಂಥವನನ್ನು ಹಾಗಲಕಾಯಿ ಎಂದಿದ್ದಳಲ್ಲ ಅವಳು.

“ಅವಳಿಗೆ ಇನ್ನೂ ಗೊತ್ತಿಲ್ಲ ಅಂತ ಬರ್ದೀರಲ್ಲ, ಅದು ತಪ್ಪು,” ಎಂದಳು ಅವನ ಕಡೆ ನೋಡದೆ. “ಅವಳಿಗೆ ಸೆಪ್ಟೆಂಬರ್‌ದಾಗ ಗೊತ್ತಿತ್ತು. ನೀವು ಎಣ್ಣೆಗಾಯಿ ನೋಡಿದ ದಿನ.”

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಇಡೀ ಸ್ಟ್ಯಾಂಡು ಎದ್ದು ನಿಂತಿತು. ಆಟದ ಕೊನೆಯ ನಿಮಿಷ. ಪೆಕಾನ್ ಕ್ರೀಕ್ ಎರಡು ಅಂಕ ಮುಂದಿತ್ತು, ಈ ಹತ್ತು ಗಜ ದಾಟಿದರೆ ಗೆದ್ದಂತೆ. ನಾಲ್ಕನೆಯ ಪ್ರಯತ್ನ ಮುಗಿದು ಸರಪಳಿ ಮೈದಾನಕ್ಕೆ ಇಳಿಯುತ್ತಿತ್ತು.

ಸುತ್ತಲಿನವರೆಲ್ಲ ಅರಚುತ್ತಿದ್ದರೆ ಇವರಿಬ್ಬರು ಮಾತ್ರ ಅಭ್ಯಾಸಬಲದಿಂದ ತುಟಿ ಬಿಗಿದು ನಿಂತಿದ್ದರು. ಅವಳ ಕೈ ಅವನ ಕೈಯನ್ನು ಯಾವಾಗ ಹಿಡಿಯಿತೋ ಇಬ್ಬರಿಗೂ ತಿಳಿಯಲಿಲ್ಲ. ಸರಪಳಿ ಬಿಗಿಯಾಯಿತು. ಚೆಂಡು ಕೋಲನ್ನು ದಾಟಿ ಎರಡು ಬೆರಳು ಮುಂದಿತ್ತು!

“ಹೊಡೆದ್ರಪ್ಪಾ ಹೊಡೆದ್ರು!” ಎಂದು ಕನ್ನಡದಲ್ಲಿ ಕೂಗಿ ಕುಣಿದವನು ಪ್ರಹ್ಲಾದ್. ನಾಲ್ಕು ವರ್ಷದಿಂದ ಮೈದಾನದಲ್ಲಿ ಮುಖದ ಒಂದು ಗೆರೆಯನ್ನೂ ಅಲ್ಲಾಡಿಸದ ರೆಫರಿ. ಅಮೂಲ್ಯಾ ಕೂಗುವುದನ್ನು ಮರೆತು ಅವನನ್ನೇ ನೋಡುತ್ತ ನಿಂತಳು.

ಗದ್ದಲ ಇಳಿದ ಮೇಲೆ ಅವನು ನಾಚಿಕೊಂಡು ಕೂತ. ಅಪ್ಪಾಸಾಹೇಬರು ಅತ್ತ ತಿರುಗದೆಯೇ ಶಿವಬಸವ್ವ ಕಟ್ಟಿ ತಂದಿದ್ದ ರೊಟ್ಟಿಯ ಡಬ್ಬಿಯನ್ನು ಮಗಳ ಕಡೆ ತಳ್ಳಿದರು.

“ಈಗಾದ್ರೂ ರೊಟ್ಟಿ ತಿನ್ನಬಹುದಾ ರೀ?” ಪ್ರಹ್ಲಾದ್ ಕೇಳಿದ.

ಅಮೂಲ್ಯಾ ಮುಚ್ಚಳದ ಮೇಲೆ ಕೈಯಿಟ್ಟಳು. “ಮೊದಲ ಹೇಳ್ರಿ, ಮುಂದಿನ ಕಾಗದದಾಗ ಸಂಬಂಧ ಏನಂತ ಬರೀತೀರಿ?”

“ಹೆಂಡ್ತಿ ಅಂತ ಬರೆಯೋ ಆಸೆ. ಆಗಸ್ಟ್‌ವರೆಗೆ ಟೈಮ್ ಇದೆ. ಸಾಕಾಗುತ್ತಾ?”

ಅವಳು ರೊಟ್ಟಿ ಮುರಿದು, ಎಣ್ಣೆಗಾಯಿ ಹಚ್ಚಿ ಅವನ ಕೈಗಿಟ್ಟಳು.

“ಸಾಕು. ಆದರ ಈ ಸಲ ಮೊದಲ ನನಗ ತೋರಿಸಿ, ಆಮೇಲೆ ಆಫೀಸಿಗೆ ಕೊಡ್ರಿ.”