ಹದಿನೈದನೆಯ ಕ್ಲಬ್

"ಇದನ್ನ ನನ್ನ ಕೈಗೆ ಕೊಡ್ತೀರಾ? ನನಗೇನು ಅರವತ್ತು ವರ್ಷ ಆಯ್ತಾ?"

ಯೂನ್‌ಸಲ್ ಸಿಡುಕಿದಳು.

ಗುನ್ಸಾನ್ ಊರಿನ ಗಾಲ್ಫ್ ಅಭ್ಯಾಸದ ಮೈದಾನದ ಮೂಲೆಯಲ್ಲಿ ಗ್ಯುಜಿನ್‌ನ ಗಾಲ್ಫ್ ಕೋಲು, ಅಂದರೆ ಕ್ಲಬ್, ರಿಪೇರಿ ಮಾಡುವ ಅಂಗಡಿ. ತನ್ನ ನಾಲ್ಕನೇ ನಂಬರಿನ ಐರನ್‌ಗೆ ಹೊಸ ಹಿಡಿ ಹಾಕಿಸಲು ಬಂದಿದ್ದವಳ ಎದುರು ಅವನು ಹಿಡಿದಿದ್ದು ಒಂದು ಹೈಬ್ರಿಡ್!

ತೆಳು ಅಲಗಿನ ಐರನ್ನಿನ ಚೆಲುವೂ ಅದಕ್ಕಿಲ್ಲ, ದಪ್ಪ ತಲೆಯ ವುಡ್ಡಿನ ಗತ್ತೂ ಇಲ್ಲ; ಎರಡರ ನಡುವಿನ ಬೆರಕೆ. ಗುಂಡು ತಲೆಯ ಆ ಕ್ಲಬ್ಬನ್ನು ಇಲ್ಲಿ ಎಲ್ಲರೂ ಕರೆಯುವುದೇ 'ಗೆಣಸು' ಅಂತ. ವಾರಕ್ಕೊಮ್ಮೆ ಹರಟುತ್ತಾ ಆಡುವ ಚಿಕ್ಕಮ್ಮಂದಿರ ಬ್ಯಾಗಿನಲ್ಲಿ ಅದು ಇದ್ದೇ ಇರುತ್ತದೆ.

"ಒಂದು ಸಲ ಹೊಡೆದು ನೋಡಿ. ಆಮೇಲೆ ಬೈಯಿರಿ," ಎಂದ ಗ್ಯುಜಿನ್.

ಅವಳು ಬೀಸಿದಳು. ಚೆಂಡು ನೆಲದ ಮೇಲೆ ಉರುಳಿಕೊಂಡು ಹೋಯಿತು.

"ಗುಡಿಸ್ತಿದ್ದೀರಿ. ಇದು ಪೊರಕೆ ಅಲ್ಲ ಕಣ್ರೀ! ಐರನ್ ಥರಾನೇ ಮೇಲಿಂದ ಕೆಳಕ್ಕೆ ಹೊಡೀರಿ. ಭಾರ ಎಲ್ಲ ಅದರ ತಳದಲ್ಲಿ, ಹಿಂಬದಿಗಿದೆ. ಚೆಂಡನ್ನ ಎತ್ತೋ ಕೆಲಸ ಅದಕ್ಕೆ ಬಿಟ್ಬಿಡಿ."

ಈ ಸಲ ಚೆಂಡು ಎದ್ದಿತು... ಮೈದಾನದ ಸುತ್ತಲ ಬಲೆಯ ಕಂಬಗಳಿಗಿಂತಲೂ ಮೇಲಕ್ಕೆ!

ಯೂನ್‌ಸಲ್ ಬಾಯಿ ತೆರೆದು ನಿಂತಳು. ಇದು ನಾನೇನಾ ಹೊಡೆದದ್ದು?

"ನೋಡಿದ್ರಾ? ನಾಲ್ಕನೇ ಐರನ್ ನಿಮ್ಮಂಥೋರಿಗಲ್ಲ."

ಅಲ್ಲಿಗೆ ಎಲ್ಲಾ ಕೆಟ್ಟಿತು. ನಿಮ್ಮಂಥೋರು! ಕೋಚ್ 'ಮಣಿಕಟ್ಟು ತಿದ್ದಿಕೋ' ಅನ್ನುತ್ತಾರೆ, ಹಿರಿಯ ಆಟಗಾರ್ತಿಯರು 'ನಿಲುವು ತಿದ್ದಿಕೋ' ಅನ್ನುತ್ತಾರೆ. ವೃತ್ತಿಪರ ಆಟಗಾರ್ತಿಯಾಗುವ ಪರೀಕ್ಷೆಯಲ್ಲಿ ಎರಡು ಸಲ ಸೋತಾಗಿದೆ. ಈ ಸಲವೂ ಸೋತರೆ ಅಮ್ಮನ ನೂಡಲ್ಸ್ ಅಂಗಡಿಯಲ್ಲಿ ಹಿಟ್ಟು ನಾದುವುದೇ ಗತಿ. ಈಗ ಇವನೂ...

"ನನ್ನ ತೋಳಲ್ಲಿ ಕಸುವಿಲ್ಲ ಅಂತ ನೇರವಾಗೇ ಹೇಳಿ!"

ಐರನ್ ಕಿತ್ತುಕೊಂಡು ಹೊರಟೇಬಿಟ್ಟಳು. ಬೇರೆ ಯಾರು ಅಂದಿದ್ದರೂ ಇಷ್ಟು ನೋಯುತ್ತಿರಲಿಲ್ಲವಲ್ಲ... ಯಾಕೆ?

ಪರೀಕ್ಷೆಯ ದಿನ ಬಂತು. ಸಮುದ್ರದ ಗಾಳಿ ಬಾವುಟಗಳನ್ನು ಹಿಡಿದು ಜಗ್ಗುತ್ತಿತ್ತು. ಆಟ ಶುರುವಾಗುವ ಮುಂಚೆ ಕ್ಲಬ್ಬುಗಳನ್ನು ಎಣಿಸುತ್ತಿದ್ದ, ಬ್ಯಾಗು ಹೊರುವ ಕ್ಯಾಡಿ ಅಕ್ಕ ಗಾಬರಿಯಾದಳು.

"ಮೇಡಂ, ಹದಿನೈದಿದೆ! ಹದಿನಾಲ್ಕರ ಮೇಲೆ ಒಂದಿದ್ರೂ ದಂಡ ಹಾಕ್ತಾರೆ!"

ಬ್ಯಾಗಿನಿಂದ ಗುಂಡು ತಲೆಯೊಂದು ಇಣುಕುತ್ತಿತ್ತು. ಹಗ್ಗದಾಚೆ ನಿಂತಿದ್ದ ಅಮ್ಮ ಮಾತ್ರ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದಳು.

"ಅಮ್ಮಾ!"

"ನಾನೇ ಕಣೇ ಇಟ್ಟಿದ್ದು. ಆ ಹುಡುಗ ನಿನ್ನೆ ಅಂಗಡಿಗೆ ಬಂದ. ಎರಡು ಬಟ್ಟಲು ನೂಡಲ್ಸ್ ತಿಂದ. ಹೋಗ್ತಾ ಒಂದೇ ಮಾತು ಅಂದು ಇದನ್ನ ಕೊಟ್ಟ."

"ಏನಂದ?"

"'ಎಲ್ಲಾರೂ ಅವರನ್ನ ತಿದ್ದೋಕೆ ನೋಡ್ತಾರಮ್ಮ. ಅವರ ಬೀಸು ಚೆನ್ನಾಗೇ ಇದೆ. ಬದಲಾಗಬೇಕಾದ್ದು ಕ್ಲಬ್ಬು, ಅವರಲ್ಲ' ಅಂದ."

ಯೂನ್‌ಸಲ್ ಆ ಗುಂಡು ತಲೆಯನ್ನೊಮ್ಮೆ ಸವರಿದಳು. ಇಷ್ಟು ವರ್ಷದಲ್ಲಿ ಹೀಗೆ ಯಾರೂ ಹೇಳಿರಲಿಲ್ಲ. ಒಬ್ಬರೂ!

ಜನರ ಹಿಂದೆ, ಟೋಪಿ ಹಿಂಡುತ್ತಾ ನಿಂತಿದ್ದ ಗ್ಯುಜಿನ್. ಅವಳು ನಾಲ್ಕನೇ ಐರನ್ನನ್ನು ಬ್ಯಾಗಿನಿಂದ ತೆಗೆದು, ನೇರ ಹೋಗಿ ಅವನ ಕೈಗಿತ್ತಳು.

"ಹಿಡ್ಕೊಂಡಿರಿ. ಕಳೆದ್ರೆ ಗ್ರಹಚಾರ ಬಿಡಿಸ್ತೀನಿ!"

ಚೆಂಡು ಹಾಕಬೇಕಾದ ಕೊನೆಯ ಗುಂಡಿ. ಚೆಂಡು ದಟ್ಟ ಹುಲ್ಲಿನಲ್ಲಿ ಹೂತಿತ್ತು. ಮುಂದೆ ಕೆರೆ, ಕೆರೆಯಾಚೆ ಬಾವುಟ. ಇದೊಂದು ಹೊಡೆತ ದಾಟಿದರೆ ಗೆಲುವು, ನೀರಿಗೆ ಬಿದ್ದರೆ ಎಲ್ಲವೂ ಮುಗಿದಂತೆ. ಕಳೆದೆರಡು ಸಲವೂ ಇಂಥ ಹುಲ್ಲೇ ಐರನ್ನಿನ ಕುತ್ತಿಗೆಗೆ ಸುತ್ತಿಕೊಂಡು ಅದರ ಮುಖ ತಿರುಗಿಸಿತ್ತು.

"ಗೆಣಸಾ ಮೇಡಂ?" ಕ್ಯಾಡಿ ಅಕ್ಕ ಪಿಸುಗುಟ್ಟಿದಳು.

"ಗೆಣಸೇ ಅಕ್ಕಾ."

ಚೆಂಡು ಎರಡು ಕಾಲುಗಳ ನಡುವಿಗಿಂತ ಕೊಂಚ ಮುಂದೆ ಬರುವಂತೆ ನಿಂತಳು. ಗುಡಿಸಬೇಡ... ಕೆಳಕ್ಕೆ ಹೊಡಿ... ಎತ್ತುವ ಕೆಲಸ ಅದಕ್ಕೆ ಬಿಡು...

ಬೀಸಿದಳು!

ಗುಂಡು ತಳ ಹುಲ್ಲನ್ನು ದೋಣಿ ನೀರು ಸೀಳಿದಂತೆ ಸೀಳಿಕೊಂಡು ಹೋಯಿತು. ಚೆಂಡು ಏರಿತು... ಇನ್ನೂ ಏರಿತು... ಗಾಳಿಯ ಹಂಗೂ ಇಲ್ಲದಂತೆ! ನೆರೆದವರೆಲ್ಲ ಕತ್ತೆತ್ತಿದರು. ಆಕಾಶದ ತುದಿಯಲ್ಲಿ ಅರೆಗಳಿಗೆ ನಿಂತ ಹಾಗೆ ಕಂಡ ಅದು, ಕೆಸರುಗದ್ದೆಗಿಳಿವ ಬೆಳ್ಳಕ್ಕಿಯಂತೆ ಮೆಲ್ಲಗೆ ಬಾವುಟದ ಬಳಿ ಇಳಿದು ಅಲ್ಲೇ ಕುಳಿತುಬಿಟ್ಟಿತು.

"ಅಬ್ಬಾ..." ಎಂದಳು ಯೂನ್‌ಸಲ್. ತನ್ನ ಕೈಗಳನ್ನೇ ಹೊಸದಾಗಿ ನೋಡಿಕೊಂಡಳು.

ಅವಳು ಗೆದ್ದಳು. ಅಮ್ಮ ಅತ್ತಳು, ಕ್ಯಾಡಿ ಅಕ್ಕ ಕುಣಿದಳು. ಸದ್ದಡಗಿದ ಮೇಲೆ ಗ್ಯುಜಿನ್ ಹತ್ತಿರ ಬಂದ.

"ತಗೊಳ್ಳಿ, ನಿಮ್ಮ ಐರನ್."

"ಬ್ಯಾಗಲ್ಲಿ ಜಾಗ ಇಲ್ವಲ್ಲ. ಹದಿನಾಲ್ಕೂ ತುಂಬಿದೆ."

"ಮತ್ತೆ ಇದನ್ನೇನು ಮಾಡ್ಲಿ?"

"ನಿಮ್ಮ ಹತ್ರಾನೇ ಇರಲಿ. ದಿನಾ ನೋಡೋಕೆ ಬರ್ತೀನಿ."

"ಐರನ್ನನ್ನಾ?"

"ಪೆದ್ದು!" ಅವಳ ಕಣ್ಣು ತುಂಬಿತ್ತು. "ಅಮ್ಮನಿಗೆ ಹೇಳಿದ್ದನ್ನ ನನಗ್ಯಾಕೆ ಹೇಳಲಿಲ್ಲ?"

"ನಿಮ್ಮೆದುರು ಬಂದ್ರೆ ಹೇಳಬೇಕಾದ್ದು ಒಂದೂ ನೆಟ್ಟಗೆ ಬರಲ್ಲ ಕಣ್ರೀ..." ಅವನು ತಡವರಿಸಿದ. "ನಿಮ್ಮಲ್ಲಿ ಒಂದು ಕೂದಲೆಳೆಯಷ್ಟೂ ಬದಲಾಗೋದು ಬೇಡ. ಹೀಗೇ... ನನ್ನ ಜೊತೆ ಇರ್ತೀರಾ?"

"ಇರ್ತೀನಿ. ಆದ್ರೆ ಒಂದು ಮಾತ್ರ ಬದಲಾಗಬೇಕು."

ಅವನ ಮುಖ ಸಣ್ಣಗಾಯಿತು. "ಏನು?"

"ನನ್ನನ್ನ 'ನೀವು' ಅನ್ನೋದು."

ಗ್ಯುಜಿನ್ ಕಿವಿ ಕೆಂಪಾಯಿತು. ಐರನ್ನನ್ನು ಕೈಯಿಂದ ಕೈಗೆ ಬದಲಿಸಿ ಕೇಳಿದ:

"ಹಸಿವಾಗಿದ್ಯಾ... ನಿನಗೆ?"

"ತುಂಬಾ," ಎಂದಳು ಅವಳು.