ಬಾಗಿಲ ಮೇಲೆ ನಾಲ್ಕು ಬೆರಳು

ಕೊಳ್ಳೇಗಾಲ, ಹನೂರು, ಯಳಂದೂರು... ಈ ಮೂರೂರಲ್ಲಿ ಈ ಚನ್ನಾಜಮ್ಮ ರಿಪೇರಿ ಮಾಡದ ಬ್ರೇಕೇ ಇಲ್ಲ ಕಣಪ್ಪ!

ಅರ್ಧ ಸುಳ್ಳು. ರಿಪೇರಿ ಮಾಡಿದವನು ನನ್ನ ಗಂಡ ಮಾರಯ್ಯ. ನಾನು ಸ್ಪ್ಯಾನರ್ ಕೊಡುತ್ತಿದ್ದೆ. ಅವನು ಸತ್ತ ಮೇಲೆ ಸ್ಪ್ಯಾನರೂ ನನ್ನದು, ಜೀಪೂ ನನ್ನದು.

ಆ ಜೀಪು ಆವತ್ತು ಬಿಳಿಗಿರಿರಂಗನ ಬೆಟ್ಟದ ಇಳಿಜಾರಲ್ಲಿ ನುಗ್ಗುತ್ತಿತ್ತು!

ಹಿಂದಿನ ಸೀಟಲ್ಲಿ ಕಾಫಿ ತೋಟದ ಕೂಲಿ ಹೆಂಗಸರು, ಮಚ್ಚು ಮಡಿಲಲ್ಲಿಟ್ಟುಕೊಂಡು. ಮುಂದೆ ತಿರುವು. ಅದರಾಚೆ ಕಮರಿ... ಪಾತಾಳದವರೆಗೆ!

"ಅಮ್ಮೋವ್, ಬ್ರೇಕ್ ಇಲ್ಲ!" ಡ್ರೈವರ್ ಮಾದಸ್ವಾಮಿ ಕಿರುಚಿದ. ಪೆಡಲ್ ತಳ ಮುಟ್ಟಿತ್ತು.

"ಬಾಯ್ ಮುಚ್ಕಂಡ್ ಪಂಪ್ ಮಾಡ್ಲಾ! ಗೇರ್ ಇಳ್ಸು!"

ಸೆಕೆಂಡ್... ಫಸ್ಟ್... ಎಂಜಿನ್ ಆನೆಯ ಹಾಗೆ ಘೀಳಿಟ್ಟಿತು. ನಾನು ಹ್ಯಾಂಡ್ ಬ್ರೇಕ್ ಜಗ್ಗಿದೆ.

"ದಿಣ್ಣೆಗ್ ಉಜ್ಜುಸ್ಲಾ!"

ಕರ್ರ್ರ್... ಜೀಪಿನ ಮೈ ರಸ್ತೆ ಪಕ್ಕದ ಮಣ್ಣಿನ ದಿಣ್ಣೆಗೆ ಉಜ್ಜಿತು.

ನಿಂತಿತು!

ಇಳಿದು ನೋಡಿದೆ. ಹಿಂದಿನ ಚಕ್ರದ ಒಳಮೈ ಒದ್ದೆ. ಬ್ರೇಕ್ ಆಯಿಲ್! ಬ್ರೇಕ್ ಪೈಪಿನ ಗಾಳಿ ತೆಗೆಯುವ ನಿಪ್ಪಲ್ ಸಡಿಲ. ಹಳೇ ಜೀಪು, ಒಂದು ಚಕ್ರದಲ್ಲಿ ಸೋರಿದರೆ ನಾಲ್ಕಕ್ಕೂ ಬ್ರೇಕಿಲ್ಲ.

"ತಾನಾಗೇ ಸಡ್ಲ ಆಯ್ತಾ ಅಮ್ಮ?"

"ಇಲ್ಲ ಕಣ್ಲಾ. ಬೆಳ್ಗೆ ನಾನೇ ಬಿಗ್ದಿದ್ದೆ. ಬೆಟ್ಟದ್ ಮೇಲೆ ನಾವ್ ಟೀ ಕುಡೀವಾಗ ಯಾವನೋ ಕೈ ಆಕವ್ನೆ."

ಹಿಂದೆಯೇ ಇನ್ನೊಂದು ಜೀಪು ಬಂತು. ರಂಗರಾಜು! ಬೆಟ್ಟದ ಟ್ರಿಪ್ಪೆಲ್ಲ ತನಗೊಬ್ಬನಿಗೇ ಬೇಕು ಎನ್ನುವವನು. ಗಾಡಿಗೆ ಹಸಿರು ಬಣ್ಣ, ಈಗಷ್ಟೇ ಹೊಡೆಸಿದ್ದು.

"ಏನ್ ಚನ್ನಾಜಮ್ಮೋರೆ, ಇನ್ನೂ ಬದ್ಕಿದ್ದೀರಾ? ಬೆಟ್ಟದ್ ಲೈನ್ ಬುಟ್ಬುಡಿ ಅಂದಿದ್ನಲ್ಲಾ!"

ನಾನು ಅವನ ಮುಖ ನೋಡಲಿಲ್ಲ. ಬಾಗಿಲು ನೋಡಿದೆ. ಹ್ಯಾಂಡಲ್ ಪಕ್ಕ ನಾಲ್ಕು ಬೆರಳಿನ ಗುರುತು... ಅಷ್ಟೂ ಬಣ್ಣ ಗುಳ್ಳೆ ಎದ್ದಿತ್ತು!

ಬ್ರೇಕ್ ಆಯಿಲ್ ಬಣ್ಣ ತಿನ್ನುತ್ತದೆ.

"ಕೈ ತೊಳ್ಕಳಾಕೂ ಪುರುಸೊತ್ತಿರ್ನಿಲ್ವಾ ಮಗಾ?"

ಅವನು ಜಾಕ್ ರಾಡ್ ಎತ್ತಿದ.

ನನ್ನ ಬೆನ್ನ ಹಿಂದೆ ಹೆಂಗಸರು ಇಳಿದರು. ಮಚ್ಚುಗಳೂ ಇಳಿದವು.

ರಾಡ್ ತಾನಾಗಿಯೇ ನೆಲ ಸೇರಿತು.

ಅವನ ಜೀಪಿನ ನಿಪ್ಪಲ್ ಬಿಚ್ಚಿದೆ. ಮಾದಸ್ವಾಮಿ ಅವನ ಪೆಡಲ್ ತುಳಿದ. ಆಯಿಲೆಲ್ಲ ಊಟದ ಡಬ್ಬಿಗೆ! ಅದನ್ನು ನಮ್ಮ ಜೀಪಿನ ಬ್ರೇಕ್ ಆಯಿಲ್ ಡಬ್ಬಿಗೆ ಸುರಿದೆ.

"ಈಗ ನಮ್ದು. ತುಳ್ದು ಇಡ್ಕಳ್ಲಾ!"

ನಿಪ್ಪಲ್ ಸಡಿಲಿಸಿದೆ. ಬುಳುಬುಳು ಗಾಳಿ ಬಂತು. ಬಿಗಿದೆ.

"ಬುಡು. ಇನ್ನೊಂದ್ ಸಲ!"

ಗುಳ್ಳೆ ನಿಂತಿತು. ಪೆಡಲ್ ಕಲ್ಲಾಯಿತು, ಬ್ರೇಕ್ ಬಂತು.

"ಅಮ್ಮ... ನನ್ ಬ್ರೇಕು?" ರಂಗರಾಜು ಗೋಗರೆದ.

"ಕೀ ಗಾಡೀಲೇ ಅದೆ ಕಣಪ್ಪ. ನಮ್ಮುನ್ನ ಎಂಗ್ ಇಳ್ಸ್ದೋ, ಅಂಗೇ ನೀನೂ ಇಳ್ದ್ ಬಾ!"

ಮಾರನೇ ದಿನ ಯಳಂದೂರಲ್ಲಿ ಕಣ್ಣಿಗೆ ಬಿದ್ದ. ಚಪ್ಪಲಿ ಸವೆದು ಹಪ್ಪಳವಾಗಿತ್ತು!

ಜೀಪಲ್ಲಿ ಬಂದನೋ, ಇನ್ನು ಹೇಗೆ ಬಂದನೋ... ನೀನೇ ಹೇಳು ನೋಡೋಣ!