ಕ್ಲೈಮ್ಯಾಕ್ಸ್ ಹೇಳದ ಹುಡುಗ

"ಕಾಲು ಕಾಣಂಗಿಲ್ಲೇನ್ರಿ?"

ಬಳ್ಳಾರಿಯ ಚಿತ್ರಮಂದಿರದ ಕತ್ತಲಲ್ಲಿ ಗಂಗೋತ್ರಿ ಹಲ್ಲು ಕಚ್ಚಿ ಕೇಳಿದಳು. ಪರದೆಯ ಮೇಲೆ ಕೊಲೆಗಾರ ಇನ್ನೇನು ಮುಖ ತೋರಿಸಬೇಕು... ಅಷ್ಟರಲ್ಲಿ ಅದೇ ಸಾಲಿನಿಂದ ಎದ್ದ ಯುವಕನೊಬ್ಬ ಅವಳ ಪಾದ ತುಳಿದುಕೊಂಡೇ ಹೊರಟಿದ್ದ.

"ಬಿಡ್ರಿ ಅಕ್ಕಾ, ಟೈಮಾತು."

ಅಕ್ಕ! ಇಪ್ಪತ್ತನಾಲ್ಕರ ಗಂಗೋತ್ರಿಗೆ ತುಳಿಸಿಕೊಂಡ ಪಾದಕ್ಕಿಂತ ಆ ಮಾತೇ ಹೆಚ್ಚು ಉರಿಯಿತು. ಬಾಗಿಲ ಬೆಳಕಿನಲ್ಲಿ ಅವನ ಮುಖ ಕಂಡಾಗ ಮಾತ್ರ ಕಾಲುನೋವು ಮರೆತು ಮುಂದಕ್ಕೆ ಬಾಗಿದಳು.

ಮಾರೇಶ...

ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಕೆಲಸ, ಫೋನಿನಲ್ಲಿ ಸಿನಿಮಾ ವಿಮರ್ಶೆಯ ವಿಡಿಯೊ. ಅವನ ಪೇಜಿನ ಹೆಸರು 'ಕ್ಲೈಮ್ಯಾಕ್ಸ್ ಹೇಳಂಗಿಲ್ಲ'. ಯಾವ ಥ್ರಿಲ್ಲರಿನ ಗುಟ್ಟನ್ನೂ ಬಿಟ್ಟುಕೊಡದ ನಿಯತ್ತಿನ ಹುಡುಗ ಎಂದು ಜಿಲ್ಲೆಯ ಸಿನಿಮಾ ಹುಚ್ಚರೆಲ್ಲ ಅವನನ್ನು ಮೆಚ್ಚಿದ್ದರು.

ಗಂಗೋತ್ರಿಗೂ ಒಂದು ಪೇಜಿತ್ತು, 'ಖಾರ ಮಂಡಕ್ಕಿ'. ಮುಖವಿಲ್ಲ, ದನಿ ಮಾತ್ರ. ಮನೆತನದ ಹೆಣ್ಣುಮಗಳು ಪಿಚ್ಚರಿನ ಬಗ್ಗೆ ಊರ ಮುಂದೆ ಮಾತಾಡಬಾರದು ಎಂಬುದು ಅಪ್ಪ ಗಾದಿಲಿಂಗಪ್ಪನವರ ಕಾನೂನು. ಅವರ ಜೀನ್ಸ್ ಹೊಲಿಗೆ ಮಿಷಿನ್ನುಗಳು ಕೆಳಗೆ ಗಡಗಡ ಎನ್ನುವಾಗ ಅವಳು ಮೇಲೆ ಮಹಡಿಯಲ್ಲಿ ಕೂತು ಆ ಕಾನೂನನ್ನು ದಿನವೂ ಮುರಿಯುತ್ತಿದ್ದಳು.

ವರ್ಷದಿಂದ ಇಬ್ಬರೂ ಕಾಮೆಂಟುಗಳಲ್ಲೇ ಕಿತ್ತಾಡುತ್ತಿದ್ದರು. ಹಳೇ ಕಪ್ಪು-ಬಿಳುಪು ಥ್ರಿಲ್ಲರಿನಲ್ಲಿ ಬಾಗಿಲು ಕಿರ್ರೆಂದರೆ ಸಾಕಿತ್ತು, ಈಗಿನವರಿಗೆ ಹೆದರಿಸಲು ಡ್ರೋನೇ ಬೇಕು ಎಂದು ಅವಳು. ಈಗಿನ ಪತ್ತೇದಾರನಿಗೆ ಕನಿಷ್ಠ ಹೆಂಡತಿ, ಹೊಟ್ಟೆನೋವು ಅಂತ ಏನಾದರೂ ಇರುತ್ತದೆ, ಹಳಬರಿಗೆ ಬರೀ ಕೋಟಿತ್ತು ಎಂದು ಅವನು. ಕಣ್ಣೀರಿನ ಕೌಟುಂಬಿಕ ಚಿತ್ರ ಕಂಡರೆ ಅವಳಿಗೆ ಮೈ ಉರಿ; ಅವನು ಅಳುತ್ತಲೇ ನಾಲ್ಕು ಸ್ಟಾರ್ ಕೊಡುತ್ತಿದ್ದ.

ಟೀವಿ ಹಾಸ್ಯದಲ್ಲಿ ಮಾತ್ರ ಒಮ್ಮೆ ರಾಜಿಯಾಗಿತ್ತು. 'ಮೊದಲು ಟೀವಿಯೊಳಗೆ ಒಂದೇ ಕೋಣೆಯಲ್ಲಿ ಮನೆಮಂದಿಯೆಲ್ಲ ಜಗಳವಾಡುತ್ತಿದ್ದರು, ಹೊರಗೆ ನಾವು ನಗುತ್ತಿದ್ದೆವು. ಈಗ ಜೋಕು ಬರುವ ಮುಂಚೆ ಟೀವಿಯೇ ನಕ್ಕುಬಿಡುತ್ತದೆ' ಎಂದು ಅವನು ಬರೆದಿದ್ದ. ಅವಳು ಹಾರ್ಟ್ ಒತ್ತಿ, ಗಾಬರಿಯಾಗಿ, ತಕ್ಷಣ ತೆಗೆದಿದ್ದಳು.

ಅಂಥವನು ಕ್ಲೈಮ್ಯಾಕ್ಸ್ ನೋಡದೇ ಎದ್ದು ಹೋಗುತ್ತಾನೆಯೇ?

ಮುಂದಿನ ಎರಡು ಭಾನುವಾರವೂ ಅವಳು ಹಿಂದಿನ ಸಾಲಿನಲ್ಲಿ ಕೂತು ಕಾದಳು. ಎರಡೂ ಸಲ ಅದೇ ಕಥೆ. 'ಹೇಳಂಗಿಲ್ಲ ಅಂತ ಅಲ್ಲಪ್ಪ, ನಿನಗ ಗೊತ್ತೇ ಇಲ್ಲ!' ಎಂದುಕೊಂಡವಳೇ ಮಹಡಿ ಹತ್ತಿ, ಪಾದ ತುಳಿದು 'ಅಕ್ಕಾ' ಎಂದಿದ್ದರಿಂದ ಹಿಡಿದು ಎಲ್ಲವನ್ನೂ ರೆಕಾರ್ಡ್ ಮಾಡಿ ಹಾಕಿದಳು. ಕೊನೆ ನೋಡದವನ ಸ್ಟಾರಿಗೆ ಏನು ಬೆಲೆ ಎಂದು ಕೇಳಿದಳು.

ಬಳ್ಳಾರಿಗೆ ಬಳ್ಳಾರಿಯೇ ನಕ್ಕಿತು. ಮಾರೇಶನ ಪೇಜು ತಣ್ಣಗಾಯಿತು.

ಮೊದಲ ವಾರ ಗೆದ್ದ ಹಾಗನಿಸಿತು. ಆಮೇಲೆ ಹೊಸ ಚಿತ್ರ ಬಂದ ಶುಕ್ರವಾರ ಅವಳು ಫೋನ್ ಹಿಡಿದು ಕೂತಳು. ಜಗಳಕ್ಕೆ ಯಾರೂ ಬರಲಿಲ್ಲ. ಅವಳ ಮಾತನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡು ಬೈಯುತ್ತಿದ್ದವನು ಅವನೊಬ್ಬನೇ ಇದ್ದ. ಅವನನ್ನು ಅವಳೇ ಕಳೆದುಕೊಂಡಿದ್ದಳು...

'ಒಂದ್ ಸಲ ಬೈಯಾಕರ ಬಾರಲೇ...'

ಭಾನುವಾರ ಮ್ಯಾಟ್ನಿ ಮುಗಿಯುವ ಮುಂಚೆಯೇ ಅವಳು ಚಿತ್ರಮಂದಿರದ ಗೇಟಿನಲ್ಲಿ ನಿಂತಿದ್ದಳು. ಅವನು ಬಂದ, ಓಡಿದ. ಅವಳೂ ಹಿಂದೆ ಓಡಿದಳು. ಅವನು ಹತ್ತಿದ್ದು ಕುರುಗೋಡಿನ ಮೇಲೆ ಹಾಯ್ದು ಸಿರುಗುಪ್ಪಕ್ಕೆ ಹೋಗುವ ಬಸ್ಸು. ಕುರುಗೋಡಿನಲ್ಲಿ ಸೋದರತ್ತೆ ಗಂಗಕ್ಕ ಇದ್ದಾಳಲ್ಲ, ನೆಪಕ್ಕೆ ಅಷ್ಟು ಸಾಕು! ಅತ್ತೆಗೆ ಬರುತ್ತೇನೆಂದು ಫೋನ್ ಮಾಡಿ ಅವಳೂ ಹತ್ತಿದಳು.

ಪಕ್ಕದಲ್ಲಿ ಬುಟ್ಟಿ ಹಿಡಿದ ಗಿಡ್ಡಮ್ಮ ಎಂಬ ಅಜ್ಜಿ. ಮುಂದೆ ಕಿಟಕಿಗೆ ತಲೆ ಆನಿಸಿದ್ದ ಮಾರೇಶನ ಬಗ್ಗೆ ಕೇಳಿದ್ದೇ ತಡ, ಅಜ್ಜಿ ಶುರು ಹಚ್ಚಿಕೊಂಡಳು. ಹುಡುಗನದು ಕೆಂಚನಗುಡ್ಡ. ಸಿರುಗುಪ್ಪದಿಂದ ಅವನೂರಿಗೆ ಕೊನೆಯ ಬಸ್ಸು ಏಳಕ್ಕೆ. ಇದು ತಪ್ಪಿದರೆ ಅದೂ ಹೋಯಿತು. ಅದಕ್ಕೇ ಪಿಚ್ಚರ್ ಅರ್ಧಕ್ಕೆ ಬಿಟ್ಟು ಓಡಿ ಬರುತ್ತಾನೆ. ಬಂದವನು ದಾರಿಯುದ್ದಕ್ಕೂ ಬಸ್ಸಿಗೆಲ್ಲ ಕಥೆ ಹೇಳಿ, ಕೊನೆಯನ್ನು ತಾನೇ ಕಟ್ಟುತ್ತಿದ್ದ. ಜನ ಇಳಿಯುವ ಊರನ್ನೇ ಮರೆಯುತ್ತಿದ್ದರು.

"ಈಗ ಬಾಯಿ ಹೊಲಕೊಂಡು ಕುಂತಾನ ನೋಡವ್ವ. ಯಾವಾಕಿನೋ ಫೋನಿನ್ಯಾಗ ಮರ್ಯಾದಿ ತೆಗದಾಳಂತ. ನನ್ನ ಕೈಗೆ ಸಿಗಬೇಕು ಆಕಿ, ಜಡಿ ಹಿಡಿದು..."

ಗಂಗೋತ್ರಿ ಮೆಲ್ಲಗೆ ತನ್ನ ಜಡೆಯನ್ನು ದುಪಟ್ಟಾದೊಳಗೆ ಸೇರಿಸಿಕೊಂಡಳು.

ಕೊಳಗಲ್ಲು ದಾಟಿತು. ಇನ್ನು ತಡೆಯಲಾಗಲಿಲ್ಲ. ಎದ್ದು ನಿಂತಳು.

"ಮಾರೇಶ್ ಅವ್ರೇ, ಇವತ್ತಿನ ಪಿಚ್ಚರ್ ಹೇಳ್ರಿ."

ಅವನು ಗಕ್ಕನೆ ತಿರುಗಿದ. ಆ ದನಿ ಅವನಿಗೆ ನಿದ್ದೆಯಲ್ಲೂ ಗೊತ್ತು.

"ಖಾರ ಮಂಡಕ್ಕಿ?"

"ಹೂಂ, ನಾನೇ, ಗಂಗೋತ್ರಿ. ಜಡಿ ಹಿಡಿಯೋರು ಹಿಡೀಬೌದು." ಗಿಡ್ಡಮ್ಮ ಬಾಯಿ ತೆರೆದಳು, ಮುಚ್ಚಲಿಲ್ಲ. "ಪೂರ್ತಿ ನೋಡದ ಪಿಚ್ಚರಿಗೆ ಸ್ಟಾರ್ ಕೊಡಬಾರದು, ಆ ಮಾತು ವಾಪಸ್ ತಗಣಂಗಿಲ್ಲ. ಆದ್ರ ಯಾಕ ಎದ್ದು ಹೋಗ್ತೀರಿ ಅಂತ ನಾನು ಕೇಳ್ಲಿಲ್ಲ. ಅದು ನನ್ನ ತಪ್ಪು."

"ನನಗ ಕೊನಿ ಗೊತ್ತಿಲ್ರಿ."

"ನಿಮ್ಮ ಕೊನಿ ಹೇಳ್ರಿ."

ಅವನು ಎದ್ದು ಸೀಟಿಗೆ ಒರಗಿ ನಿಂತು ಶುರು ಮಾಡಿದ. ಲಾಡ್ಜೊಂದರಲ್ಲಿ ಮೂರು ಕೊಲೆ. ಪೊಲೀಸರು ಮಾಲೀಕನನ್ನು, ಮ್ಯಾನೇಜರನ್ನು, ಡಾಕ್ಟರನ್ನು ಹಿಡಿದು ಬಿಟ್ಟರು...

"ಕೊಂದಾಕಿ ಅಡಗಿ ಮಾಡಾಕಿ. ಎಲ್ಲಾರ ಕೈಯಾಗ ರಕ್ತ ಹುಡುಕಿದ್ರು. ಆಕಿ ಕೈ ಯಾವಾಗ್ಲೂ ಕೆಂಪಗೇ ಇರ್ತಿತ್ತು, ಟೊಮ್ಯಾಟೋ ಅಂದ್ಕೊಂಡು ಯಾರೂ ನೋಡ್ಲಿಲ್ಲ."

ಬಾದನಹಟ್ಟಿಯಲ್ಲಿ ಕಂಡಕ್ಟರ್ ಸೀಟಿ ಊದುವುದನ್ನೇ ಮರೆತಿದ್ದ.

"ನಿಜವಾದ ಕೊನಿ ಏನೈತ್ರಿ?" ಮಾರೇಶ ಮೆಲ್ಲಗೆ ಕೇಳಿದ.

ಗಂಗೋತ್ರಿ ಆ ಚಿತ್ರವನ್ನು ಶುಕ್ರವಾರವೇ ನೋಡಿದ್ದಳು. "ಹೀರೋನ ಅವಳಿ ಅಣ್ಣ."

"ಥೂ."

ಇಬ್ಬರೂ ಒಟ್ಟಿಗೇ ನಕ್ಕರು. ವರ್ಷದ ಜಗಳವೆಲ್ಲ ಆ ನಗುವಿನಲ್ಲಿ ಕರಗಿ ಬೇರೇನೋ ಆಯಿತು. ಅಷ್ಟರಲ್ಲಿ ಕುರುಗೋಡು ಬಂದೇ ಬಿಟ್ಟಿತು.

ಅವಳು ಇಳಿದಳು. ಅವನು ಕಿಟಕಿಯಿಂದ ನೋಡುತ್ತಲೇ ಇದ್ದ. ಬಸ್ಸು ಹೊರಟಿತು. 'ಇಲ್ಲೂ ಕೊನಿಗೆ ಮುಂಚೇನೇ ಹೊಂಟನಲ್ಲ...' ಎಂದುಕೊಳ್ಳುವಷ್ಟರಲ್ಲಿ ಬಸ್ಸು ಕಿರ್ರೆಂದು ನಿಂತಿತು. ಮಾರೇಶ ಧುಮುಕಿದ. ಬಸ್ಸು ಅವನನ್ನು ಬಿಟ್ಟು ಹೋಯಿತು.

"ಏಳರ ಬಸ್ಸು?"

"ಹೋಗ್ಲಿ. ಪ್ರತಿಸಲ ಮುಖ್ಯವಾದ್ದು ಬರೋ ಹೊತ್ತಿಗೆ ಎದ್ದು ಓಡೀನಿ. ಇದೊಂದು ಪೂರ್ತಿ ನೋಡಬೇಕು." ಅವನು ಅವಳ ಪಾದದ ಕಡೆ ನೋಡಿದ. "ಆವತ್ತು ನಾ ತುಳದಿದ್ದು ಇದೇ ಪಾದ ಅಲ್ಲೇನ್ರಿ? ಅಕ್ಕ ಅಂದಿದ್ದೆ... ಅದನ್ನ ವಾಪಸ್ ತಗೊಂತೀನಿ."

ಗಂಗೋತ್ರಿಯ ಕಣ್ಣು ತುಂಬಿತು. ಕಣ್ಣೀರಿನ ಚಿತ್ರಗಳಿಗೆ ಅವಳು ಕೊಟ್ಟ ಬೈಗುಳವೆಲ್ಲ ತಿರುಗಿ ಅವಳಿಗೇ ಬಂದಿತ್ತು.

ಕರೆದೊಯ್ಯಲು ಬಂದಿದ್ದ ಗಂಗಕ್ಕ ಎಲ್ಲವನ್ನೂ ನೋಡುತ್ತ ನಿಂತಿದ್ದಳು. ಹುಡುಗನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು.

"ಯಾರ ಪೈಕಿ ಅವ್ವಾ ಈತ?"

ಅದು ಜಾತಿಯ ಪ್ರಶ್ನೆ ಎಂದು ಮೂವರಿಗೂ ಗೊತ್ತಿತ್ತು. ಮಾರೇಶ ತಲೆ ತಗ್ಗಿಸಲಿಲ್ಲ. ವಾಲ್ಮೀಕಿ ಜನಾಂಗದವನೆಂದು ಹೇಳಲು ಬಾಯಿ ತೆರೆದ. ಅದಕ್ಕೂ ಮುಂಚೆ ಗಂಗೋತ್ರಿ ಬಸ್‌ಸ್ಟ್ಯಾಂಡಿನ ಅಷ್ಟೂ ಜನರ ಎದುರು ಅವನ ಪಕ್ಕಕ್ಕೆ ಬಂದು ನಿಂತಳು.

"ನನ್ನ ಪೈಕಿ, ಅತ್ತಿ. ಅಪ್ಪಗ ಈಗ್ಲೇ ಫೋನ್ ಮಾಡಿ ಹೇಳು. ನಾಳಿಯಿಂದ ನನ್ನ ಪೇಜಿನ್ಯಾಗ ಮುಖಾನೂ ಇರ್ತೈತಿ ಅಂತ ಅದನ್ನೂ ಹೇಳು."

ಗಂಗಕ್ಕ ಬಿರಬಿರನೆ ಮುಂದೆ ನಡೆದಳು, ಸೆರಗಿನೊಳಗಿನಿಂದ ಫೋನ್ ತೆಗೆಯುತ್ತ. ಇಬ್ಬರೂ ಹಿಂದೆ ಹೆಜ್ಜೆ ಹಾಕಿದರು. ಅವನ ಕಿರುಬೆರಳು ಅವಳ ಬೆರಳಿಗೆ ತಾಕಿತು. ಅವಳು ಬಿಡಲಿಲ್ಲ.

"ಗಂಗೋತ್ರಿ... ಮುಂದ ಏನಾಗ್ತೈತಿ?"

ಅವಳು ಅವನ ಕಡೆ ತಿರುಗಿ ಕಣ್ಣು ಮಿಟುಕಿಸಿದಳು.

"ಕ್ಲೈಮ್ಯಾಕ್ಸ್ ಹೇಳಂಗಿಲ್ಲ."